ಬೀಗದಪ್ಪನ ಮುಳ್ಳಿನ ತೋಟ

ಬೀದಿಯ ಮೂಲೆಯಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನನ್ನು ಎಲ್ಲರೂ ಬೀಗದಪ್ಪ ಎಂದೇ ಕರೆಯುತ್ತಿದ್ದರು. ಅವನ ನಿಜವಾದ ಹೆಸರು ಗೊತ್ತಿದ್ದದ್ದು ಹೆಂಡತಿಗೆ ಮತ್ತು ಪೋಸ್ಟ್‌ಮ್ಯಾನಿಗೆ. ಈಚೆಗೆ ಪೋಸ್ಟ್‌ಮ್ಯಾನಿಗೆ ಮಾತ್ರ.

ಹೆಂಡತಿಗೆ ಮರೆವಿನ ಕಾಯಿಲೆ. ಮೊದಮೊದಲು ಒಲೆಯ ಮೇಲಿಟ್ಟ ಹಾಲು ಮರೆತಳು. ಅದನ್ನು ಯಾರು ತಾನೇ ಮರೆಯುವುದಿಲ್ಲ ಎಂದು ಇವನು ನಕ್ಕ. ಆಮೇಲೆ ಒಂದು ದಿನ ಹೊಲಿಗೆ ಮೆಷಿನ್ನಿನ ಮುಂದೆ ಕೂತು, ಸೂಜಿಗೆ ದಾರ ಹೇಗೆ ಪೋಣಿಸುವುದು ಎಂದು ಮಗಳನ್ನು ಕೇಳಿದಳು. ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿದುಕೊಟ್ಟವಳು ಅವಳು. ಆವತ್ತು ಯಾರಿಗೂ ನಗು ಬರಲಿಲ್ಲ. ಅದಾದ ಮೇಲೆ ಶುರುವಾದದ್ದು ಹೊರಡುವ ಚಟ. ಕೈಚೀಲ ಹೆಗಲಿಗೇರಿಸಿ, "ಅಮ್ಮ ಕಾಯ್ತಿರ್ತಾಳೆ, ಹೋಗ್ಬೇಕು" ಎಂದು ಗೇಟು ತೆಗೆದುಕೊಂಡು ನಡೆದೇಬಿಡುವಳು. ಅವಳ ಅಮ್ಮ ಹೋಗಿ ಯಾವ ಕಾಲವಾಗಿತ್ತೋ. ಇವನು ಸ್ನಾನಕ್ಕೆ ಹೋದಾಗ, ಮಧ್ಯಾಹ್ನ ಕಣ್ಣು ಎಳೆದಾಗ, ಆ ಹೊತ್ತನ್ನೇ ಕಾದಿದ್ದವಳಂತೆ ಮಾಯವಾಗುವಳು. ಒಂದು ಸಲ ನಾಲ್ಕು ರಸ್ತೆ ಕೂಡುವಲ್ಲಿ, ಲಾರಿಗಳ ನಡುವೆ, ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದಳಂತೆ. ಟ್ರಾಫಿಕ್ ಪೊಲೀಸಿನವನು ಕೈ ಹಿಡಿದು ತಂದುಬಿಟ್ಟ. ಬಿಟ್ಟವನು ಸುಮ್ಮನೆ ಹೋಗಲಿಲ್ಲ, ಇವನಿಗೆ ನಾಲ್ಕು ಮಾತು ಆಡಿಯೇ ಹೋದ.

ಮಗಳು ಶಾಲೆಯಲ್ಲಿ ಮಧ್ಯಾಹ್ನದ ಪಾಳಿಯ ಟೀಚರು. ಬೆಳಿಗ್ಗೆ ಅವಳು ಅಮ್ಮನನ್ನು ನೋಡಿಕೊಂಡರೆ, ಮಧ್ಯಾಹ್ನ ಅಂಗಡಿ ಮುಚ್ಚಿ ಅಪ್ಪ ಬರುವನು. ಪೊಲೀಸಿನವನು ಬಂದ ದಿನ ಅವಳು ಶಾಲೆಯಿಂದ ಓಡಿ ಬಂದು, ಅಮ್ಮನ ಕಾಲು ತೊಳೆದು, ಅಪ್ಪನ ಎದುರು ನಿಂತಳು.

"ಅಪ್ಪಾ, ಇನ್ನೊಂದ್ಸಲ ಹೀಗಾದ್ರೆ ನಾನು ಸುಮ್ನಿರಲ್ಲ. ಇಂಥವರನ್ನ ನೋಡ್ಕೊಳ್ಳೋಕೆ ಅಂತಲೇ ಜಾಗ ಇದೆ. ಅಲ್ಲಿಗೆ ಸೇರಿಸಿಬಿಡೋಣ. ರಸ್ತೇಲಿ ಹೆಣ ಎತ್ತೋಕಿಂತ ಅದು ವಾಸಿ."

"ಬಿಡ್ತು ಅನ್ನು," ಎಂದ ಬೀಗದಪ್ಪ. "ನಾನಿರೋವರೆಗೂ ಅವಳು ಈ ಮನೆ ಬಿಟ್ಟು ಎಲ್ಲಿಗೂ ಹೋಗಲ್ಲ."

ಮಾತೇನೋ ಜೋರಾಗಿಯೇ ಬಂತು. ಮಾರನೆಯ ದಿನ ಅಂಗಡಿಯಲ್ಲಿದ್ದ ಅತಿ ಗಟ್ಟಿ ಬೀಗವನ್ನು ತಂದು ಗೇಟಿಗೆ ಜಡಿದ. ಇನ್ನೇನು ಮಾಡಿಯಾನು, ಅವನಿಗೆ ಗೊತ್ತಿದ್ದದ್ದು ಅದೇ. ಅವಳು ಹೋಗಿ ಗೇಟಿನ ಸರಳು ಹಿಡಿದು ಅಲ್ಲಾಡಿಸಿದಳು. ಅಲ್ಲಾಡಿಸಿ ಅಲ್ಲಾಡಿಸಿ ಅಂಗೈಗೆ ಬೊಬ್ಬೆ ಬಂತು. ಹೋಗುವ ಬರುವವರನ್ನೆಲ್ಲ ಕೂಗಿದಳು: "ಅಣ್ಣಾ, ನನ್ನ ಕೂಡಿ ಹಾಕಿದಾರೆ! ಯಾರಾದ್ರೂ ಬಾಗಿಲು ತೆಗೀರಿ!" ಗುರುತಿಲ್ಲದ ಒಬ್ಬ ದಾರಿಹೋಕ ನಿಂತು, ಮನುಷ್ಯನೇನ್ರೀ ನೀವು ಎಂದು ಬೈದ. ಊರಿನ ಬೀಗಗಳನ್ನೆಲ್ಲ ತೆಗೆದುಕೊಟ್ಟ ಕೈ ಹೆಂಡತಿಯ ಅಂಗೈಗೆ ಮುಲಾಮು ಹಚ್ಚಿತು. ಆ ಬೀಗ ಗೇಟಿನ ಮೇಲೆ ಒಂದು ವಾರವೂ ಇರಲಿಲ್ಲ.

ದಾರಿ ತೋರಿಸಿದ್ದು ಒಂದು ಕೆಲಸ. ದೊಡ್ಡ ಮನೆಯೊಂದರವರು ಕೀಲಿ ಕಳೆದುಕೊಂಡು ಕರೆಸಿದ್ದರು. ಮನೆಯ ಮುಂದೆ ಹುಲ್ಲಿಲ್ಲ, ಹೂವಿಲ್ಲ. ಬರೀ ಬಿಳಿ ಕಲ್ಲು, ಕಲ್ಲಿನ ನಡುವೆ ಆಳೆತ್ತರದ ಕತ್ತಾಳೆ, ಈಟಿಯಂಥ ಎಲೆ ಹಿಡಿದು ನಿಂತ ಯುಕ್ಕಾ ಗಿಡ, ಗುಂಡುಗುಂಡು ಕಳ್ಳಿ. ಬೀಗದಪ್ಪ ಚೀಲವನ್ನು ಎದೆಗವಚಿಕೊಂಡು, ಮೈ ಕುಗ್ಗಿಸಿ, ಅಡ್ಡಡ್ಡ ನಡೆದು ಬಾಗಿಲು ಮುಟ್ಟಬೇಕಾಯಿತು. ಮನೆಯೊಡತಿ ನಕ್ಕಳು: "ನೋಡೋಕೂ ಚೆಂದ, ಕಳ್ಳರೂ ಬರಲ್ಲ." ಬಾಗಿಲು ತೆಗೆಯುವಷ್ಟು ಹೊತ್ತೂ ಆ ಮಾತು ಅವನ ತಲೆಯಲ್ಲಿ ಕೊರೆಯುತ್ತಿತ್ತು. ಒಳಗೆ ಬರದ ಹಾಗೆ ತಡೆಯುವುದು ಹೊರಗೆ ಹೋಗದ ಹಾಗೂ ತಡೆಯಬೇಕಲ್ಲ! ಅವನ ಹೆಂಡತಿಗೆ ಮುಳ್ಳೆಂದರೆ ಪ್ರಾಣಭಯ. ಚಿಕ್ಕಂದಿನಲ್ಲಿ ಬೇಲಿಗೆ ಬಿದ್ದವಳು. ಮನೆಯ ಮುಂದೆ ಅಷ್ಟು ಹೂಗಿಡ ಬೆಳೆಸಿದವಳು ಒಂದು ಗುಲಾಬಿಯನ್ನೂ ನೆಟ್ಟಿರಲಿಲ್ಲ. ಏನು ಮರೆತರೂ ಆ ಭಯವನ್ನು ಮಾತ್ರ ಮರೆತಿರಲಿಲ್ಲ.

ನರ್ಸರಿಯವನು ಬಾಯಿಬಡುಕ. "ಯಜಮಾನ್ರೇ, ಇವಕ್ಕೆ ಮುದ್ದು ಮಾಡಿದ್ರೆ ಕೆಟ್ಟು ಹೋಗ್ತವೆ. ಹೆಂಡ್ತಿ ಕಡೆ ನೆಂಟರ ಹತ್ರ ಇರ್ತೀರಲ್ಲ, ಹಾಗಿರಿ. ದೂರದಿಂದ ನಮಸ್ಕಾರ ಹಾಕಿ, ಯಾವಾಗಲಾದ್ರೊಮ್ಮೆ ನೀರು ಕೊಡಿ, ಮೈಮೇಲೆ ಬೀಳ್ಬೇಡಿ," ಎಂದ. ಕೆಲಸ ಮಾತ್ರ ಚೆನ್ನಾಗಿಯೇ ಹೇಳಿಕೊಟ್ಟ. ಬೇರು ನೀರಿನಲ್ಲಿ ನಿಂತರೆ ಕೊಳೆಯುತ್ತದೆ, ಆದ್ದರಿಂದ ಮಣ್ಣಿಗೆ ಅರ್ಧಕ್ಕರ್ಧ ಮರಳು, ಜಲ್ಲಿ ಬೆರೆಸಿ ದಿಬ್ಬ ಕಟ್ಟಬೇಕು. ಎಲ್ಲಕ್ಕಿಂತ ದೊಡ್ಡ ಗಿಡವನ್ನು ಮೊದಲು ನಿಲ್ಲಿಸಬೇಕು, ಉಳಿದವು ಅದರ ಮುಖ ನೋಡಿಕೊಂಡು ಕೂರುತ್ತವೆ. ಸಾಲಾಗಿ ನೆಟ್ಟರೆ ಬೇಲಿಯಂತೆ ಕಾಣುತ್ತದೆ. ಗುಂಪು ಗುಂಪಾಗಿ ನೆಟ್ಟು ನಡುವೆ ಬರಿದು ಜಾಗ ಬಿಟ್ಟರೆ ತೋಟದಂತೆ ಕಾಣುತ್ತದೆ. ಬೇಲಿಯಂತೆ ಕಾಣಬಾರದು ಎನ್ನುವುದೇ ಬೀಗದಪ್ಪನ ಆಸೆಯೂ ಆಗಿತ್ತು.

ಅಂಗಳದಲ್ಲಿ ಅವಳ ಹೂಗಿಡಗಳಿದ್ದವು. ಅವಳು ಕೈ ಬಿಟ್ಟ ಮೇಲೆ ಅರ್ಧ ಒಣಗಿ, ಅರ್ಧ ಕಳೆ ತುಂಬಿದ್ದವು. ಅವಳಿಗೇ ನೆನಪಿಲ್ಲ, ಇನ್ನಿವು ಯಾರಿಗೆ ಬೇಕು ಎಂದುಕೊಂಡು ಅವನು ಗುದ್ದಲಿ ಹಾಕಿದ. ಬೆಳಗಾಗಿ ಮಧ್ಯಾಹ್ನವಾಗುವುದರೊಳಗೆ ಅಂಗಳ ಬೋಳಾಯಿತು. ಅವಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು.

ಎರಡು ಭಾರಿ ಕತ್ತಾಳೆಗಳು ಗೋಣಿಚೀಲ ಸುತ್ತಿಸಿಕೊಂಡು, ಹಗ್ಗ ಬಿಗಿಸಿಕೊಂಡು, ಕೈದಿಗಳ ಹಾಗೆ ಗಾಡಿಯಲ್ಲಿ ಬಂದವು. ಅವನ್ನು ಗೇಟಿನ ಒಳಗೆ, ಎಡಕ್ಕೊಂದು ಬಲಕ್ಕೊಂದು, ಎಲೆಗೆ ಎಲೆ ತಾಗುವಂತೆ ಕೂರಿಸಿದ. ಮನೆಯ ಬಾಗಿಲಲ್ಲಿ ನಿಂತರೆ ಗೇಟು ಕಾಣಬಾರದು, ಅದಕ್ಕೆ ನಡುವೆ ಯುಕ್ಕಾ. ಮೆಟ್ಟಿಲಿನ ಆಚೀಚೆ ಗುಂಡು ಕಳ್ಳಿಗಳು. ಅವನ್ನು ಹಳೆಯ ಪೇಪರು ಮಡಿಸಿ ಇಕ್ಕಳದಂತೆ ಹಿಡಿದು ಇಳಿಸಬೇಕು. ಇದ್ದ ಕಾಲುದಾರಿಯನ್ನು ಮುಚ್ಚಿ ಮೇಲೆ ಬಿಳಿ ಜಲ್ಲಿ ಹರಡಿದ. ಮನೆಯವರ ಓಡಾಟಕ್ಕೆ ಅಡುಗೆಮನೆ ಹಿಂದಿನ ಓಣಿ. ಅಡುಗೆಮನೆಯ ಹಿಂಬಾಗಿಲಿಗೆ ಹೊರಗಡೆ ಮಾತ್ರ ಒಂದು ಚಿಲಕ ಉಳಿಸಿ, ಒಳಗಿನ ಹಿಡಿಕೆ ಕಿತ್ತು, ಗೋಡೆಯ ಬಣ್ಣವನ್ನೇ ಬಳಿದುಬಿಟ್ಟ. ಅದು ಬಾಗಿಲು ಎಂದು ಗೊತ್ತಿದ್ದವರಿಗೆ ಮಾತ್ರ ಗೊತ್ತಾಗಬೇಕು.

ಉಪಾಯ ಫಲಿಸಿತು. ಅವಳು ಚೀಲ ಹಿಡಿದು ಬಾಗಿಲಿಗೆ ಬರುವಳು, ಮುಳ್ಳು ನೋಡಿ ನಿಲ್ಲುವಳು, ಮೆಟ್ಟಿಲ ಮೇಲೆ ಕೂರುವಳು. ಕೂಗಾಟವಿಲ್ಲ, ಬೊಬ್ಬೆ ಬಂದ ಅಂಗೈಯಿಲ್ಲ. ಮಗಳು ಅಮ್ಮನನ್ನು ಸೇರಿಸುವ ಜಾಗದ ಮಾತು ಎತ್ತುವುದನ್ನು ಬಿಟ್ಟಳು. ಬೀದಿಯವರಿಗಂತೂ ಹಬ್ಬ. ಎದುರು ಮನೆಯ ರಿಟೈರ್ಡ್ ಮೇಷ್ಟ್ರು ತಮ್ಮ ನೆಂಟರನ್ನೆಲ್ಲ ಕರೆತಂದು ಗೇಟಿನಾಚೆ ನಿಲ್ಲಿಸಿಕೊಂಡು, "ನೋಡಿ, ಬೀಗ ತಿರುವೋ ಕೈಯಲ್ಲಿ ಎಂಥಾ ಕಲೆ!" ಎಂದು ಹೊಗಳುವರು. ಫೋನಿನಲ್ಲಿ ಫೋಟೋ ಹೊಡೆಯುವರು. ಜೈಲಿನ ಗೋಡೆ ಚೆನ್ನಾಗಿದೆ ಎಂದು ಹೊಗಳಿದರೆ ಜೈಲರು ಏನು ಹೇಳಬೇಕು? ಬೀಗದಪ್ಪ ಹಲ್ಲು ಕಿರಿದು ಒಳಗೆ ಹೋಗುವನು.

ಆದರೆ ಸುಳ್ಳೇಕೆ, ಬರುಬರುತ್ತ ಅವನಿಗೂ ಆ ಗಿಡಗಳ ಮೇಲೆ ಪ್ರೀತಿ ಹುಟ್ಟಿತು. ಕತ್ತಾಳೆಯ ಅಂಚಿನ ಹಲ್ಲುಗಳು ಕೀಲಿಯ ಹಲ್ಲಿನಂತೆಯೇ ಇದ್ದವು. ಎಲೆ ಬಿಚ್ಚಿಕೊಂಡು ದೂರ ಸರಿದ ಮೇಲೂ, ಸುಳಿಯಲ್ಲಿ ಒತ್ತಿಕೊಂಡಿದ್ದ ಪಕ್ಕದ ಎಲೆಯ ಮುಳ್ಳಿನ ಗುರುತು ಅದರ ಮೈಮೇಲೆ ಹಾಗೇ ಉಳಿದಿರುವುದನ್ನು ಕಂಡು ಬೆರಗಾದ. ಸಂಜೆ ಹೆಂಡತಿಯ ಪಕ್ಕ ಮೆಟ್ಟಿಲ ಮೇಲೆ ಕೂತು, ಜಲ್ಲಿಯ ಮೇಲೆ ಉದ್ದವಾಗುವ ನೆರಳು ನೋಡುವುದು ಅಭ್ಯಾಸವಾಯಿತು. ಅವಳೂ ಶಾಂತವಾಗಿದ್ದಾಳೆ, ಕಾಯಿಲೆಯೇ ಒಂದು ಘಟ್ಟಕ್ಕೆ ಬಂದು ನಿಂತಿದೆ ಎಂದುಕೊಂಡ. ಮನುಷ್ಯನಿಗೆ ಬೇಕಾದ್ದನ್ನು ನಂಬಲು ಎಷ್ಟು ಹೊತ್ತು.

ಅಂಥದೇ ಒಂದು ಸಂಜೆ ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಸಂಕೋಚದಿಂದ ಅವನ ಕಡೆ ತಿರುಗಿದಳು.

"ಅಣ್ಣಾ, ಒಂದು ಮಾತು ಕೇಳ್ಲಾ? ತಪ್ಪು ತಿಳ್ಕೋಬಾರದು."

ಮದುವೆಯಾದಾಗಿನಿಂದ ಅವಳು ಅವನನ್ನು ಕರೆಯುತ್ತಿದ್ದದ್ದು 'ರೀ' ಎಂದು. ಆ ಒಂದಕ್ಷರದಲ್ಲೇ ಸಿಟ್ಟು, ಮುದ್ದು, ಊಟಕ್ಕೆ ಬನ್ನಿ, ಅಂಗಡಿಗೆ ಹೊತ್ತಾಯಿತು, ಎಲ್ಲವನ್ನೂ ಹೇಳಿಬಿಡುತ್ತಿದ್ದಳು. ಕೆಲವು ತಿಂಗಳಿಂದ ಅವಳು ಅವನನ್ನು ಏನೂ ಕರೆಯುತ್ತಿರಲಿಲ್ಲ. ಈಗ ಕರೆದಳು, ಅಣ್ಣಾ ಎಂದು.

"ಕೇಳು," ಎಂದ ಅವನು. ಆಮೇಲೆ ತಿದ್ದಿಕೊಂಡ. "ಕೇಳಿ."

"ನಿಮ್ಮನೇಲಿ ನನಗೇನೂ ಕಮ್ಮಿ ಮಾಡಿಲ್ಲ. ಆ ಹುಡುಗೀನೂ ಚೆನ್ನಾಗಿ ನೋಡ್ಕೋತಾಳೆ. ಆದ್ರೆ ಬೇರೆಯವರ ಮನೇಲಿ ಎಷ್ಟು ದಿನ ಅಂತ ಇರೋದು ಹೇಳಿ? ನಮ್ಮನೆಯವರು ಗಾಬರಿಯಾಗಿರ್ತಾರೆ."

ಬೀಗದಪ್ಪ ಅವಳ ಕಡೆ ತಿರುಗಿ ಕೂತ. "ನಿಮ್ಮನೆಯವರು... ಏನು ಕೆಲಸ?"

"ಬೀಗದಂಗಡಿ ಇಟ್ಟಿದಾರೆ. ಮಾತು ಕಮ್ಮಿ, ಮನುಷ್ಯ ಒಳ್ಳೆಯವರು. ನಾನು ಬರೋವರೆಗೂ ಊಟ ಮಾಡಲ್ಲ, ಹಾಗೇ ಕೂತಿರ್ತಾರೆ. ಅದೇ ನನಗೆ ಯೋಚನೆ."

"ಮನೆ ಹೇಗಿದೆ?"

"ಇದೇ ಥರ ಅಣ್ಣಾ. ಇಂಥದೇ ಬಾಗಿಲು, ಇಂಥದೇ ಮೆಟ್ಟಿಲು. ಆದ್ರೆ ನಮ್ಮನೆ ಮುಂದೆ ಹೂವಿದೆ. ಮುಳ್ಳಂದ್ರೆ ನನಗಾಗಲ್ಲ ಅಂತ ಅವರಿಗೆ ಗೊತ್ತು. ಇಂಥ ಗಿಡಾನ ಅವರು ಮನೆ ಹತ್ರಾನೂ ಬಿಡ್ತಿರ್ಲಿಲ್ಲ." ಹೇಳಿದ ಮೇಲೆ ತಪ್ಪಾಯಿತೇನೋ ಎಂದು ಅವಳೇ ಸಮಾಧಾನ ಮಾಡಿದಳು. "ನಿಮಗೆ ಇಷ್ಟ ಇರಬಹುದು. ನಿಮ್ಮ ಮನೆ, ನಿಮ್ಮ ಇಷ್ಟ."

ಅವನು ಅಂಗಳದ ಕಡೆ ನೋಡಿದ. ಮೊದಲು ಅವಳು ಅಮ್ಮನ ಮನೆಗೆ ಹೊರಡುತ್ತಿದ್ದಳು. ಹೊರಟರೂ ಮರಳಿ ಬಂದಾಗ ಇದು ತನ್ನ ಮನೆ ಎಂದು ಗೊತ್ತಿತ್ತು. ಗೇಟು ದಾಟುತ್ತಲೇ ಬಗ್ಗಿ ಒಂದು ಒಣ ಹೂವು ಚಿವುಟಿ ಎಸೆಯುತ್ತಿದ್ದಳಲ್ಲ! ಮುಖಗಳೆಲ್ಲ ಅಳಿಸಿ ಹೋಗುತ್ತಿದ್ದ ತಲೆಯಲ್ಲಿ ಈ ಮನೆಯ ಗುರುತಾಗಿ ಉಳಿದಿದ್ದದ್ದು ಆ ಅಂಗಳ. ಅದನ್ನು ಅವನೇ, ತನ್ನ ಕೈಯಾರೆ, ಗುದ್ದಲಿ ಹಾಕಿ ಅಗೆದು ಎಸೆದಿದ್ದ. ಅವಳನ್ನು ಮನೆಯಲ್ಲಿ ಉಳಿಸಿಕೊಳ್ಳಲು ಹೋಗಿ ಮನೆಯನ್ನೇ ಇಲ್ಲದಂತೆ ಮಾಡಿದ್ದ.

ಮಗಳಿಗೆ ಹೇಳಿದಾಗ ಅವಳು ಅವನ ಭುಜ ಹಿಡಿದಳು. "ಕಾಯಿಲೆ ಅಪ್ಪಾ ಅದು. ನಿಮ್ಮ ತಪ್ಪಲ್ಲ. ಗಿಡ ತೆಗೆದ್ರೆ ಮತ್ತೆ ರಸ್ತೆಗೆ ಹೋಗ್ತಾಳೆ, ಆಮೇಲೆ?"

"ಹೋದ್ರೆ ಹಿಂದೇನೇ ಹೋಗ್ತೀನಿ. ಅಂಗಡಿ ಬಾಗಿಲು ಹಾಕ್ತೀನಿ. ಇನ್ನು ಮೇಲೆ ನನಗೆ ಅದೇ ಕೆಲಸ."

"ಅವಳಿಗೆ ಏನಾದ್ರೂ ಆದ್ರೆ?"

"ನನ್ನ ಜೊತೇಲಿದ್ದಾಗ ಆಗಲಿ. ಯಾರದೋ ಮನೇಲಿ ನೆಂಟಳ ಥರ ಕೂತು ಸಾಯೋದು ಬೇಡ."

ನೆಡುವಾಗ ಪಟ್ಟ ಕಷ್ಟದ ಎರಡರಷ್ಟನ್ನು ಕೀಳುವಾಗ ಪಟ್ಟ. ಕತ್ತಾಳೆ ಆಗಲೇ ಬೇರು ಬಿಟ್ಟಿತ್ತು, ಬುಡದಲ್ಲಿ ಮರಿ ಹಾಕಿತ್ತು. ಹಾರೆ ಹಾಕಿ ಮೀಟಿದರೆ ಎಲೆ ಬಂದು ಮುಖಕ್ಕೆ ಚುಚ್ಚುವುದು. ರಸ ತಾಗಿದ ಕಡೆಯೆಲ್ಲ ಮೈ ತುರಿಸಿ ಉರಿಯಿತು, ಮೊಣಕೈವರೆಗೆ ಗೀರುಗಳು. ನರ್ಸರಿಯವನು ಗಾಡಿ ತಂದ. ಅಂಥ ಬಾಯಿಬಡುಕನೂ ಅವನ ಮುಖ ನೋಡಿ ಒಂದು ಮಾತಾಡದೆ ಗಿಡ ಹೇರಿಕೊಂಡು ಹೋದ. ಮೇಷ್ಟ್ರು ಮಾತ್ರ ಗೇಟಿನಲ್ಲಿ ನಿಂತು, ಅಯ್ಯೋ ಅಯ್ಯೋ, ತಲೆ ಕೆಟ್ಟಿದೆಯೇನ್ರೀ ಎಂದು ಲೊಚಗುಟ್ಟಿದರು.

ಅಂಗಳ ಮತ್ತೆ ಬೋಳಾಯಿತು. ಜಲ್ಲಿ ಬಾಚಿ, ಹೊಸ ಮಣ್ಣು ಹಾಕಿಸಿ, ಸಸಿಗಳನ್ನು ತರಲು ಹೊರಟ ಬೀಗದಪ್ಪ ಗೇಟಿನಲ್ಲೇ ನಿಂತುಬಿಟ್ಟ. ಯಾವ ಸಸಿ ತರುವುದು? ಅವಳ ತೋಟದಲ್ಲಿ ಏನೇನಿತ್ತು? ದಿನಾ ಬೆಳಿಗ್ಗೆ ಅದನ್ನು ದಾಟಿಯೇ ಅಂಗಡಿಗೆ ಹೋದವನು, ಸಂಜೆ ಅದನ್ನು ದಾಟಿಯೇ ಊಟಕ್ಕೆ ಬಂದವನು. ಕೆಂಪಗೆ ಏನೋ ಇತ್ತು. ಹಳದಿ ಇತ್ತು. ಅಷ್ಟೇ. ಒಂದು ಸಲ ಕೈಗೆ ಬಂದ ಕೀಲಿಯನ್ನು ವರ್ಷಗಳಾದ ಮೇಲೂ ಗುರುತು ಹಿಡಿಯುತ್ತಿದ್ದವನಿಗೆ ಹೆಂಡತಿಯ ಒಂದು ಹೂವೂ ನೆನಪಾಗಲಿಲ್ಲ. ಮಗಳನ್ನು ಕೇಳಿದ. ಚಿಕ್ಕವಳಿದ್ದಾಗ ಕರ್ಣಕುಂಡಲದ ಕಾಯಿ ಮುಟ್ಟಿ ಸಿಡಿಸುತ್ತಿದ್ದದ್ದು ಬಿಟ್ಟರೆ ಅವಳಿಗೂ ಏನೂ ಹೊಳೆಯಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಗೆ ಹೆಂಡತಿಯನ್ನೇ ಕೇಳಬೇಕಾಯಿತು. ಮಣ್ಣು ಮೆತ್ತಿದ ಕೈಯಲ್ಲಿ ಮೆಟ್ಟಿಲ ಕೆಳಗೆ ನಿಂತು ಕೇಳಿದ: "ಅಮ್ಮಾ, ನಿಮ್ಮನೆ ಮುಂದೆ ಯಾವ ಯಾವ ಗಿಡ ಇದ್ವು?"

ಅವಳ ಮುಖ ಅರಳಿತು. ಎಷ್ಟೋ ದಿನದ ಮೇಲೆ ಅವಳಿಗೆ ಉತ್ತರ ಗೊತ್ತಿದ್ದ ಪ್ರಶ್ನೆಯೊಂದನ್ನು ಯಾರೋ ಕೇಳಿದ್ದರು. ಗೇಟಿನ ಪಕ್ಕ ಕೆಂಪು ದಾಸವಾಳ. ಅದರ ನೆರಳಲ್ಲಿ ಕರ್ಣಕುಂಡಲ, ಅದಕ್ಕೆ ಬಿಸಿಲು ಜಾಸ್ತಿ ಆಗಬಾರದು. ದಾರಿಯ ಎರಡು ಕಡೆ ಚೆಂಡುಹೂವು, ಹುಳ ಬರಲ್ಲ. ಮೆಟ್ಟಿಲ ಹತ್ತಿರ ಡೇರೆ ಹೂವು, ಅದಕ್ಕೊಂದು ಕೋಲಿನ ಆಸರೆ. ಕಿಟಕಿಯ ಕೆಳಗೆ ನಿತ್ಯಪುಷ್ಪ, ಹೊಲಿಗೆ ಮೆಷಿನ್ ಮುಂದೆ ಕೂತರೆ ಕಾಣಬೇಕು. ಮಗಳ ಹೆಸರು ಗೊತ್ತಿಲ್ಲದವಳು ತಡವರಿಸದೆ ಹೇಳಿದಳು.

ಆಮೇಲಿನ ದಿನಗಳಲ್ಲಿ ಅವಳು ಮೆಟ್ಟಿಲ ಮೇಲೆ ಕೂತು ಕೆಲಸ ಮಾಡಿಸಿದಳು, ಅವನು ಮಾಡಿದ.

"ಏನಣ್ಣಾ, ಗಿಡ ನೆಡ್ತಿದೀರೋ ಬಾವಿ ತೋಡ್ತಿದೀರೋ? ಅಷ್ಟು ಆಳ ಬೇಡ. ನಿಮಗೆ ಈ ಕೆಲಸ ಯಾರು ಕಲಿಸಿದ್ದು?"

"ಯಾರೂ ಕಲಿಸಿಲ್ಲಮ್ಮಾ."

"ಅದಕ್ಕೇ ಹೀಗೆ," ಎಂದು ಅವಳು ನಕ್ಕಳು. ಅದೇ ನಗು, ಸೆರಗಿನ ತುದಿ ಬಾಯಿಗಿಟ್ಟುಕೊಂಡು. ಅವನು ಬಗ್ಗಿ ಮಣ್ಣು ಕೆದಕತೊಡಗಿದ, ತನ್ನ ಕಣ್ಣು ಅವಳಿಗೆ ಕಾಣದಂತೆ.

ಕೆಲಸದ ನಡುವೆ ಗಂಡನ ವಿಷಯ ಬರುತ್ತಿತ್ತು. "ನಮ್ಮನೆಯವರು ಒಂದಿನಾನೂ ಹೂವು ಚೆನ್ನಾಗಿದೆ ಅಂದೋರಲ್ಲ. ಮೊದಮೊದಲು ನನಗೆ ಅಳು ಬರೋದು. ಆಮೇಲೆ ನೋಡ್ತೀನಿ, ನೀರು ಬಿಡೋ ಪೈಪು ತೂತಾದ್ರೆ ನಾನು ಹೇಳೋ ಮುಂಚೆ ಸರಿ ಮಾಡಿರೋರು. ಕತ್ತರಿ ಮೊಂಡಾದ್ರೆ ಸಾಣೆ ಹಿಡಿದು ತಂದಿಟ್ಟಿರೋರು. ಬಾಯಲ್ಲಿ ಮಾತ್ರ ಏನೂ ಇಲ್ಲ. ಕೆಲವರು ಹಾಗೇ, ಅಲ್ವಾ?"

"ಹೌದಮ್ಮಾ," ಎಂದ ಬೀಗದಪ್ಪ. "ಹೂವು ಚೆನ್ನಾಗಿರ್ತಿತ್ತು ಅಂತ ಅವರಿಗೂ ಅನ್ನಿಸಿರುತ್ತೆ."

"ಅನ್ನಿಸಿದ್ರೆ ಹೇಳ್ಬಾರದಾ?"

ಅವನು ಡೇರೆಯ ಸಸಿಗೆ ಕೋಲು ಕಟ್ಟತೊಡಗಿದ.

ಸಸಿಗಳು ಬೇರು ಹಿಡಿದವು. ಚೆಂಡುಹೂವು ಮೊದಲು ಬಿಟ್ಟಿತು, ಆಮೇಲೆ ಕರ್ಣಕುಂಡಲ. ಅವಳು ಇನ್ನೂ ಚೀಲ ಹಿಡಿದೇ ಕೂರುತ್ತಿದ್ದಳು. ಗೇಟಿನತ್ತ ಹೊರಟರೆ ಅವನು ಹಿಂದೆಯೇ ಇರುತ್ತಿದ್ದ. ದಾಸವಾಳದ ಮೊದಲ ಹೂವು ಅರಳಿದ ದಿನ ಅವಳು ಬಾಗಿಲಿಗೆ ಬಂದವಳು ಹಾಗೇ ನಿಂತಳು. ಅಂಗಳವನ್ನು ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ನೋಡಿದಳು. ಮೆಟ್ಟಿಲಿಳಿದು, ಬಗ್ಗಿ, ಒಣಗಿದ ಒಂದು ಚೆಂಡುಹೂವನ್ನು ಚಿವುಟಿ ಎಸೆದಳು. ಆಮೇಲೆ ಚೀಲವನ್ನು ಹೆಗಲಿಂದ ಇಳಿಸಿದಳು.

"ಅಂತೂ ಬಂದೆ," ಎಂದಳು. "ಇದೇ ನಮ್ಮನೆ."

ಒಳಗಿದ್ದ ಮಗಳು ಓಡಿ ಬಂದು ಬಾಗಿಲ ಚೌಕಟ್ಟು ಹಿಡಿದು ಅತ್ತಳು. ಬೀಗದಪ್ಪ ಗುದ್ದಲಿ ಬಿಟ್ಟು ಎದ್ದು ನಿಂತ. ಮನೆ ನೆನಪಾಯಿತಲ್ಲ, ಇನ್ನು ಅವಳು ತಿರುಗಿ ನೋಡುತ್ತಾಳೆ, 'ರೀ' ಎನ್ನುತ್ತಾಳೆ. ಅವಳು ತಿರುಗಿದಳು. ಕೈ ಮುಗಿದಳು.

"ತುಂಬಾ ಉಪಕಾರ ಆಯ್ತಣ್ಣಾ. ನನ್ನ ಮನೆ ಸೇರಿಸಿದ್ರಿ. ಇನ್ನು ಹೊರಡಿ, ನಿಮ್ಮನೇಲೂ ಕಾಯ್ತಿರ್ತಾರೆ."

ಮಗಳು "ಅಮ್ಮಾ, ಇವರು..." ಎಂದು ಬಾಯಿ ತೆರೆದಳು. ಬೀಗದಪ್ಪ ಬೇಡವೆಂದು ಕಣ್ಣಲ್ಲೇ ಹೇಳಿದ. ಕೈಕಾಲು ತೊಳೆದುಕೊಂಡು ಗೇಟು ದಾಟಿದ.

ಮುಚ್ಚಿದ್ದ ಅಂಗಡಿ ತೆಗೆದು, ಮೊಳೆಗೆ ನೇತುಹಾಕಿದ್ದ ಕೆಲಸದ ಅಂಗಿ ಹಾಕಿಕೊಂಡ. ತಲೆ ಬಾಚಿದ. ಮಣ್ಣು ಮೆತ್ತಿದ ಮನುಷ್ಯನನ್ನು ಗುರುತು ಹಿಡಿಯಲಿಲ್ಲ ಅಷ್ಟೇ, ಅಂಗಡಿಯಿಂದ ಬರುವವನನ್ನು ಹಿಡಿದಾಳು ಎಂದು ಮನಸ್ಸು ಹೇಳಿತು. ಮೊದಲೆಲ್ಲ ದಿನಾ ಬರುತ್ತಿದ್ದ ಸಂಜೆಯ ಹೊತ್ತಿಗೆ ಸರಿಯಾಗಿ, ಸಾಮಾನಿನ ಚೀಲ ಹೆಗಲಿಗೇರಿಸಿ, ಹೊಸದಾಗಿ ಮದುವೆಯಾದವನ ಹಾಗೆ ಅಳುಕುತ್ತ ಮನೆಯ ಕಡೆ ನಡೆದ.

ಗೇಟು ಪೂರ್ತಿ ತೆರೆದೇ ಇತ್ತು. ಅವಳು ಗೇಟಿನ ಒಳಗೆ ದಾಸವಾಳದ ಪಕ್ಕ ನಿಂತು ರಸ್ತೆ ನೋಡುತ್ತಿದ್ದಳು. ಹೊರಗೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಅವನನ್ನು ಕಂಡು ಅವಳ ಮುಖದಲ್ಲಿ ಆಸೆ ಮೂಡಿತು, ಹತ್ತಿರ ಬಂದಂತೆ ಇಳಿಯಿತು.

"ಬೀಗದ ಕೆಲಸಕ್ಕೆ ಬಂದಿರಾ ಅಣ್ಣಾ? ಅವರಿನ್ನೂ ಮನೆಗೆ ಬಂದಿಲ್ಲ. ಅಂಗಡಿ ಇಲ್ಲೇ ಮೂಲೇಲಿದೆ, ಅಲ್ಲೇ ಸಿಗ್ತಾರೆ," ಎಂದಳು. ಅವನು ತಿರುಗಿದಾಗ ಮತ್ತೆ ಕೂಗಿದಳು. "ಹಾಗೇ ಒಂದು ಮಾತು ಹೇಳ್ತೀರಾ ಅವರಿಗೆ? ನಾನು ಮನೆಗೆ ಬಂದಿದೀನಿ, ಕಾಯ್ತಿದೀನಿ ಅಂತ."

"ಹೇಳ್ತೀನಮ್ಮಾ," ಎಂದು ಬೀಗದಪ್ಪ ಅಂಗಡಿಯ ಕಡೆಗೆ ನಡೆದ.